ಗೆಂದಾಳಿ, ಹಸಿರು, ಹಳದಿ: ಯಾವ ಎಳನೀರಿನಲ್ಲಿ ಏನಿದೆ, ಹೇಗೆ ಆರಿಸಬೇಕು

ಎಳನೀರಿನ ಗಾಡಿಯ ಮುಂದೆ ನಿಂತಾಗ ಮೊದಲು ಕಣ್ಣಿಗೆ ಬೀಳುವುದು ಬಣ್ಣ. ಕಿತ್ತಳೆಗೆಂಪಿನ ಗೆಂದಾಳಿ ಒಂದು ಕಡೆ, ಹಸಿರು ಕಾಯಿ ಇನ್ನೊಂದು ಕಡೆ. ಗೆಂದಾಳಿಗೆ ಬೆಲೆ ತುಸು ಹೆಚ್ಚು, ಮರ್ಯಾದೆಯೂ ಹೆಚ್ಚು. ಜ್ವರದಿಂದ ಎದ್ದವರಿಗೆ, ಹೊಟ್ಟೆ ಉರಿ ಎನ್ನುವವರಿಗೆ, ದೇವರ ಅಭಿಷೇಕಕ್ಕೆ ಗೆಂದಾಳಿಯೇ ಬೇಕೆಂದು ಹುಡುಕಿಕೊಂಡು ಹೋಗುವವರಿದ್ದಾರೆ. ಅದರ ನೀರು ಒಳ್ಳೆಯದು ಎನ್ನುವುದರಲ್ಲಿ ಸುಳ್ಳಿಲ್ಲ. ಆದರೆ ಸಿಪ್ಪೆಯ ಬಣ್ಣ ನೀರಿಗೆ ಇಳಿಯುವುದಿಲ್ಲ. ಗೆಂದಾಳಿ ಕೊಚ್ಚಿ ಲೋಟಕ್ಕೆ ಸುರಿದರೆ ಅದೂ ಹಸಿರು ಕಾಯಿಯ ನೀರಿನಂತೆಯೇ ತಿಳಿಯಾಗಿರುತ್ತದೆ. ಕಿತ್ತಳೆ ಬಣ್ಣ ಕೊಡುವ ವರ್ಣದ್ರವ್ಯ ಸಿಪ್ಪೆಯಲ್ಲೇ ಉಳಿಯುತ್ತದೆ.

ಒಂದು ಕಾಯಿಯ ನೀರಿನಲ್ಲಿ ಸಕ್ಕರೆ ಎಷ್ಟು, ಪೊಟ್ಯಾಸಿಯಂ ಎಷ್ಟು, ರುಚಿ ಹೇಗೆ ಎಂಬುದನ್ನು ಕಾಯಿಯ ವಯಸ್ಸು, ಮರದ ತಳಿ, ಬೆಳೆದ ಮಣ್ಣು ಮತ್ತು ನೀರಾವರಿ ಒಟ್ಟಾಗಿ ತೀರ್ಮಾನಿಸುತ್ತವೆ. ಕೊಳ್ಳುವವರು ಇದೇ ಕ್ರಮದಲ್ಲಿ ನೋಡಬೇಕು. ಒಂದೇ ಮರದ ಆರು ತಿಂಗಳ ಕಾಯಿಗೂ ಹತ್ತು ತಿಂಗಳ ಕಾಯಿಗೂ ಇರುವ ಅಂತರ, ಎಷ್ಟೋ ಸಲ ಎರಡು ತಳಿಗಳ ನಡುವಿನ ಅಂತರಕ್ಕಿಂತ ದೊಡ್ಡದು. ಬಲಿತ ಗೆಂದಾಳಿಗಿಂತ ಹದವಾದ ನಾಟಿ ಎಳನೀರು ಎಷ್ಟೋ ಮೇಲು.

ಹಂತ 1: ವಯಸ್ಸು ನೋಡಿ

ಹೊಂಬಾಳೆ ಒಡೆದು ಕಾಯಿ ಕಚ್ಚಿದ ಮೇಲೆ ತೆಂಗಿನಕಾಯಿ ಪೂರ್ತಿ ಬಲಿಯಲು 11ರಿಂದ 12 ತಿಂಗಳು ಬೇಕು. ಎಳನೀರಿನ ಹದ ನಡುವೆ ಎಲ್ಲೋ ಬರುತ್ತದೆ. 5-6 ತಿಂಗಳ ಕಾಯಿಯಲ್ಲಿ ಗಂಜಿ ಕಟ್ಟಿರುವುದಿಲ್ಲ, ಕಟ್ಟಿದ್ದರೂ ಲೋಳೆಯಂತಿರುತ್ತದೆ. ನೀರಿಗೆ ಸಿಹಿ ಸಾಲದು, ಸ್ವಲ್ಪ ಒಗರು, ಸ್ವಲ್ಪ ಹುಳಿ. ಏಳನೆಯ ತಿಂಗಳ ಹೊತ್ತಿಗೆ ಕಾಯಿಯ ಒಳಗೆಲ್ಲ ನೀರು ತುಂಬಿ, ಸಕ್ಕರೆಯೂ ಏರಿ, ಚಮಚದಲ್ಲಿ ಸುಲಭವಾಗಿ ಏಳುವ ತೆಳುಗಂಜಿ ಕಟ್ಟುತ್ತದೆ. ಹೆಚ್ಚಿನ ತಳಿಗಳಿಗೆ ಹದ ಇದೇ. ಎಂಟು ಒಂಬತ್ತಕ್ಕೆ ಗಂಜಿ ದಪ್ಪವಾಗಿ ಕಾಯಿತಿರುಳಿನತ್ತ ತಿರುಗುತ್ತದೆ. ತಿರುಳು ಕಟ್ಟುವುದಕ್ಕೆ ಬೇಕಾದದ್ದು ನೀರಿನಿಂದಲೇ ಹೋಗಬೇಕು, ಹಾಗಾಗಿ ಅಲ್ಲಿಂದ ಮುಂದೆ ನೀರೂ ಇಳಿಯುತ್ತದೆ, ಸಿಹಿಯೂ ಇಳಿಯುತ್ತದೆ. ಅಡುಗೆಗೆ ಒಡೆಯುವ ಬಲಿತ ಕಾಯಿಯ ನೀರಿನಲ್ಲಿ 100 ಮಿಲಿಗೆ ಸುಮಾರು 2 ಗ್ರಾಂ ಸಕ್ಕರೆ ಉಳಿದರೆ ಹೆಚ್ಚು.

ಸಕ್ಕರೆಯ ಜಾತಿಯೂ ಬದಲಾಗುತ್ತದೆ. ಎಳೆಯ ಕಾಯಿಯಲ್ಲಿ ಇರುವುದು ಬಹುಪಾಲು ಗ್ಲೂಕೋಸ್ ಮತ್ತು ಫ್ರಕ್ಟೋಸ್. ಬಲಿಯುತ್ತ ಹೋದಂತೆ ಅವು ಕಡಿಮೆಯಾಗಿ ನಾವು ಕಾಫಿಗೆ ಹಾಕುವ ಸುಕ್ರೋಸ್‌ನ ಪಾಲು ಏರುತ್ತದೆ. ಹುಳಿಯ ಅಂಶ ಇಳಿಯುತ್ತದೆ. ಬಲಿತ ಕಾಯಿಯ ನೀರು ಚಪ್ಪೆ ಎನಿಸುವುದು ಸಿಹಿ ಕಡಿಮೆ ಎಂದಷ್ಟೇ ಅಲ್ಲ, ಆ ಸಣ್ಣ ಹುಳಿಯೂ ಇಲ್ಲವೆಂದು.

ಗಾಡಿಯಲ್ಲಿ ವಯಸ್ಸು ಗುರುತಿಸುವುದು ಹೀಗೆ. ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ. ಹದವಾದ ಎಳನೀರು ಸದ್ದು ಮಾಡುವುದಿಲ್ಲ, ಒಳಗೆ ಗಾಳಿಗೆ ಜಾಗವೇ ಇರುವುದಿಲ್ಲ. ಗಳಗಳ ಎಂದರೆ ಒಂದೋ ಬಲಿತಿದೆ, ಇಲ್ಲವೇ ಕೊಯ್ದು ದಿನಗಳಾಗಿವೆ. ತೊಟ್ಟಿನ ಟೋಪಿಯ ಅಂಚಿನ ಸುತ್ತ ಸಿಪ್ಪೆಯ ಮೇಲೆ ಬಿಳಿಚಿದ, ಕೆನೆಬಣ್ಣದ ಉಂಗುರ ಕಾಣುತ್ತದೆ. ಎಳೆಯದರಲ್ಲಿ ಅದು ಅಗಲ, ಬಲಿತಂತೆ ಕಿರಿದಾಗಿ ಮಾಯವಾಗುತ್ತದೆ. ಕೈಯಲ್ಲಿ ಹಿಡಿದಾಗ ಗಾತ್ರಕ್ಕೆ ಮೀರಿದ ತೂಕ ಇರಬೇಕು. ಸಿಪ್ಪೆಯ ಮೇಲೆ ಕಂದು ಗೆರೆ ಬಿದ್ದಿದೆ ಎಂದು ಕಾಯಿ ಬಿಡಬೇಡಿ: ನುಸಿ ತಗುಲಿದ ಕಾಯಿಯ ಸಿಪ್ಪೆ ಹಾಗೆ ಬಿರುಕುಬಿರುಕಾಗಿ ಕಾಣುತ್ತದೆ, ಹೆಚ್ಚು ಹಾನಿಯಾದರೆ ಕಾಯಿ ಸಣ್ಣದಾಗಿ ನೀರು ಕಡಿಮೆಯಾದೀತು, ಆದರೆ ಒಳಗಿನ ನೀರು ಕೆಟ್ಟಿರುವುದಿಲ್ಲ.

ಕೇಳುವಾಗ ಬರಿದೆ "ಒಂದು ಎಳನೀರು ಕೊಡಿ" ಎಂದರೆ ಕೈಗೆ ಸಿಕ್ಕಿದ್ದು ಬರುತ್ತದೆ. "ಅಣ್ಣಾ, ತೆಳುಗಂಜಿ ಇರೋದು ಕೊಡಿ" ಎಂದು ಕೇಳಿ. ನೀರೇ ಹೆಚ್ಚು ಬೇಕಾದವರೂ ತೆಳುಗಂಜಿಯದನ್ನೇ ಕೇಳುವುದು ಒಳ್ಳೆಯದು, ಏಕೆಂದರೆ ಗಂಜಿ ಇಲ್ಲದ ಬರೀ ನೀರಿನ ಕಾಯಿ ಎಷ್ಟೋ ಸಲ ಅರೆಹದದ್ದು.

ಸ್ವಂತ ಮರದಿಂದ ಕೊಯ್ಯುವವರು ಗೊನೆ ಎಣಿಸಬೇಡಿ, ಗರಿ ಎಣಿಸಿ. ಚೆನ್ನಾಗಿ ಬೆಳೆದ ಮರ ತಿಂಗಳಿಗೆ ಹೆಚ್ಚುಕಡಿಮೆ ಒಂದು ಗರಿ ಬಿಡುತ್ತದೆ, ಪ್ರತಿ ಗರಿಯ ಕಂಕುಳಲ್ಲಿ ಒಂದು ಗೊನೆ. ಈಗಷ್ಟೇ ಒಡೆದ ಹೊಂಬಾಳೆಯ ಗರಿಯನ್ನು ಸೊನ್ನೆ ಎಂದಿಟ್ಟುಕೊಂಡು ಕೆಳಕ್ಕೆ ಏಳನೆಯ ಗರಿಯ ಕಂಕುಳಿಗೆ ಬನ್ನಿ. ಗೊನೆ ಎಣಿಸಿದರೆ ತಪ್ಪುವುದು ಎಲ್ಲಿ ಎಂದರೆ, ನೀರು ಸಾಲದ ತಿಂಗಳಲ್ಲಿ ಹೊಂಬಾಳೆ ಒಣಗಿ ಉದುರಿರುತ್ತದೆ, ಆ ಕಂಕುಳು ಖಾಲಿ ಇರುತ್ತದೆ, ನೀವು ಅದನ್ನು ದಾಟಿ ಒಂದು ತಿಂಗಳು ಹೆಚ್ಚು ಬಲಿತ ಗೊನೆಗೆ ಕೈಹಾಕುತ್ತೀರಿ. ಕೊಯ್ದ ಗೊನೆಯನ್ನು ಹಗ್ಗ ಕಟ್ಟಿ ಇಳಿಸಬೇಕು. ಮೇಲಿಂದ ಎಸೆದರೆ ಎಳೆಯ ಚಿಪ್ಪು ಒಳಗೇ ಸೀಳುತ್ತದೆ. ಹೊರಗೆ ಏನೂ ಕಾಣದು, ಎರಡೇ ದಿನಕ್ಕೆ ನೀರು ಹುಳಿಯುತ್ತದೆ.

ಹಂತ 2: ತಳಿ ಗುರುತಿಸಿ

ತೆಂಗಿನಲ್ಲಿ ಎತ್ತರದ ತಳಿ, ಗಿಡ್ಡ ತಳಿ, ಇವೆರಡರ ಸಂಕರ ಎಂದು ಮೂರು ಬಗೆ. ನಮ್ಮ ಊರುಗಳ ಹಳೆಯ ಮರಗಳು ಬಹುಪಾಲು ಎತ್ತರದವು: ಕರಾವಳಿಯಲ್ಲಿ ಪಶ್ಚಿಮ ಕರಾವಳಿ ಎತ್ತರದ ತಳಿ, ತುಮಕೂರು-ಹಾಸನದ ಬಯಲಿನಲ್ಲಿ ತಿಪಟೂರು ಎತ್ತರದ ತಳಿ. ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಲಾರಿ ಹತ್ತಿ ದೂರದ ಊರುಗಳಿಗೆ ಹೋಗುವ ಹಸಿರು ಕಾಯಿಗಳಲ್ಲಿ ಹೆಚ್ಚಿನವು ಎತ್ತರದ ಮರದವೇ. ತಿಪಟೂರು ತಳಿಗೆ ಹೆಸರು ಬಂದಿದ್ದು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸುವ ಉಂಡೆ ಕೊಬ್ಬರಿಯಿಂದ, ಎಳನೀರಿನಿಂದ ಅಲ್ಲ. ಹಾಗೆಂದು ಅದರ ಎಳನೀರನ್ನು ಕೀಳೆನ್ನಲಾಗದು. ಹದ ನೋಡಿ ಕೊಯ್ದರೆ ಹೊಟ್ಟೆ ತುಂಬ ನೀರು, ಹಿತವಾದ ಸಿಹಿ.

ಗಿಡ್ಡ ತಳಿಗಳಲ್ಲಿ ಗೆಂದಾಳಿಯದೇ ಮೊದಲ ಹೆಸರು. ಕೇರಳದ ತ್ರಿಶೂರು ಜಿಲ್ಲೆಯ ಚಾವಕ್ಕಾಡಿನ ಮೂಲದ್ದಾದ್ದರಿಂದ ಕೃಷಿ ಪುಸ್ತಕಗಳಲ್ಲಿ ಇದು ಚೌಘಾಟ್ ಆರೆಂಜ್ ಡ್ವಾರ್ಫ್. ಕಾಸರಗೋಡಿನಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ 1991ರಲ್ಲಿ ಎಳನೀರಿಗೆಂದೇ ಇದನ್ನು ಬಿಡುಗಡೆ ಮಾಡಿತು. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದ ಆ ಸಂಸ್ಥೆಯ ಅಳತೆಗಳನ್ನೇ ಮುಂದೆ ಬಳಸಿದ್ದೇವೆ. ಕಾಯಿ ಸಣ್ಣದು, ದುಂಡನೆಯದು, ಬಣ್ಣ ತೊಟ್ಟಿನವರೆಗೂ ಒಂದೇ ಸಮ. ಮರದಲ್ಲಿ ನೋಡಿದರೆ ಗರಿಯ ದಿಂಡು, ಹೊಂಬಾಳೆ ಎಲ್ಲವೂ ಕಿತ್ತಳೆ ಬಣ್ಣ.

ಮೋಸ ಹೋಗುವುದು ಇಲ್ಲಿಯೇ. ಕೆಂಪಗಿರುವುದೆಲ್ಲ ಗೆಂದಾಳಿಯಲ್ಲ. ಮಲಯನ್ ಕಿತ್ತಳೆ ಗಿಡ್ಡ ತಳಿಯೂ ಅದೇ ಬಣ್ಣದ್ದು. ಎತ್ತರದ ಮರಗಳಲ್ಲೂ ಕೆಂಗಂದು ಕಾಯಿ ಬಿಡುವವು ಬೇಕಾದಷ್ಟಿವೆ. ಗಾಡಿಯಲ್ಲಿ ದೊಡ್ಡ ಗಾತ್ರದ, ಕಂದು ಮಿಶ್ರಿತ ಕೆಂಪಿನ, ಉದ್ದನೆಯ ಕಾಯಿಯನ್ನು ಗೆಂದಾಳಿ ಎಂದು ಕೊಟ್ಟರೆ ಅದು ಸಂಕರವೋ ಎತ್ತರದ ತಳಿಯೋ ಆಗಿರುವ ಸಂಭವವೇ ಹೆಚ್ಚು. ಕುಡಿಯಲು ಅಡ್ಡಿಯಿಲ್ಲ, ಹೆಚ್ಚು ಬೆಲೆ ಕೊಡಬೇಕಿಲ್ಲ ಅಷ್ಟೆ.

ಹಳದಿ ಕಾಯಿ ಕಂಡರೆ ಸಾಮಾನ್ಯವಾಗಿ ಮಲಯನ್ ಹಳದಿ ಗಿಡ್ಡ ತಳಿ. ಹಸಿರಿನಲ್ಲಿ ಚೌಘಾಟ್ ಹಸಿರು, ಮಲಯನ್ ಹಸಿರು ಎರಡೂ ಇವೆ. ಆಂಧ್ರದ ಗೋದಾವರಿ ಕಡೆಯ ಗಂಗಬೊಂಡಂ ಕೂಡ ಹಸಿರೇ, ಆದರೆ ಕಾಯಿ ಪರಂಗಿಹಣ್ಣಿನಂತೆ ಉದ್ದ, ಒಮ್ಮೆ ನೋಡಿದರೆ ಮರೆಯುವುದಿಲ್ಲ. ಸಂಕರಗಳಲ್ಲಿ ಪಶ್ಚಿಮ ಕರಾವಳಿ ತಳಿಗೆ ಗೆಂದಾಳಿ ಕೂಡಿಸಿದ ಚಂದ್ರ ಸಂಕರ, ಕೇರ ಸಂಕರ ತೋಟಗಳಲ್ಲಿ ಕಾಣಸಿಗುತ್ತವೆ. ಮೊದಲನೆಯದರಲ್ಲಿ ಗೆಂದಾಳಿ ತಾಯಿ, ಎರಡನೆಯದರಲ್ಲಿ ತಂದೆ.

ದುಬೈ, ಲಂಡನ್, ಸಿಂಗಪುರದಲ್ಲಿರುವವರಿಗೆ ಸಿಗುವುದು ಬೇರೆಯೇ ಎರಡು. ಬಿಳಿಯಾಗಿ ಕೆತ್ತಿ, ಮೇಲೆ ಶಂಕುವಿನಾಕಾರ ಮಾಡಿ ಪ್ಲಾಸ್ಟಿಕ್ ಸುತ್ತಿರುವುದು ಥಾಯ್ಲೆಂಡಿನ ನಾಮ್ ಹೋಮ್. ಅದರ ನೀರಿಗೆ ಬಾಸ್ಮತಿ ಅಕ್ಕಿಯ ಪರಿಮಳ ಇರುತ್ತದೆ, ಏಕೆಂದರೆ ಎರಡರಲ್ಲೂ ಇರುವ ಪರಿಮಳದ ವಸ್ತು ಒಂದೇ. ಪರಿಮಳ ನಾಲಿಗೆಗೆ ಹಿತ, ಪೌಷ್ಟಿಕತೆಗೆ ಅದರಿಂದ ಏನೂ ಸೇರುವುದಿಲ್ಲ. ಗೆಂದಾಳಿಯಂತೆ ಕಿತ್ತಳೆ ಬಣ್ಣದ, ಆದರೆ ತುಸು ಉದ್ದನೆಯ ಕಾಯಿ ಶ್ರೀಲಂಕಾದ ತಂಬಿಲಿ. ಹೊರದೇಶದ ಅಂಗಡಿಯಲ್ಲಿ ಕಿಂಗ್ ಕೋಕನಟ್ ಎಂಬ ಹೆಸರಿರುತ್ತದೆ.

ಹಂತ 3: ಅಂಕಿಗಳನ್ನು ಕಾಯಿಯ ಲೆಕ್ಕಕ್ಕೆ ತನ್ನಿ

ಕಾಸರಗೋಡಿನ ಅಳತೆಯಂತೆ ಒಂದು ಗೆಂದಾಳಿಯಲ್ಲಿ ಸರಾಸರಿ 351 ಮಿಲಿ ನೀರು. 100 ಮಿಲಿಗೆ ಸುಮಾರು 7 ಗ್ರಾಂ ಸಕ್ಕರೆ. ಲೀಟರಿಗೆ 2,003 ಮಿಲಿಗ್ರಾಂ ಪೊಟ್ಯಾಸಿಯಂ, 20 ಮಿಲಿಗ್ರಾಂ ಸೋಡಿಯಂ. ಇಡೀ ಕಾಯಿಗೆ ಗುಣಿಸಿದರೆ 24ರಿಂದ 25 ಗ್ರಾಂ ಸಕ್ಕರೆ, ಸುಮಾರು 700 ಮಿಲಿಗ್ರಾಂ ಪೊಟ್ಯಾಸಿಯಂ, ಬರೀ 7 ಮಿಲಿಗ್ರಾಂ ಸೋಡಿಯಂ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ ಕನಿಷ್ಠ 3,510 ಮಿಲಿಗ್ರಾಂ ಪೊಟ್ಯಾಸಿಯಂ ಬೇಕೆನ್ನುತ್ತದೆ. ಒಂದು ಗೆಂದಾಳಿಯಿಂದ ಅದರ ಐದನೇ ಒಂದು ಪಾಲು ಬಂದುಬಿಡುತ್ತದೆ. ಸಕ್ಕರೆಯ ಲೆಕ್ಕದಲ್ಲಿ ಸುಮಾರು ಐದು ಟೀ ಚಮಚ.

ಎತ್ತರದ ತಳಿಗಳ ಹದವಾದ ನೀರಿನಲ್ಲಿ ಸಕ್ಕರೆ ಸಾಮಾನ್ಯವಾಗಿ 100 ಮಿಲಿಗೆ 5 ಗ್ರಾಂ ಆಸುಪಾಸು. ಗುಟುಕಿನಲ್ಲಿ ವ್ಯತ್ಯಾಸ ಚೆನ್ನಾಗಿಯೇ ತಿಳಿಯುತ್ತದೆ. ಆದರೆ ಎತ್ತರದ ಮರದ ಕಾಯಿ ದೊಡ್ಡದು. 400 ಮಿಲಿ ನೀರಿರುವ ಕಾಯಿ ಕುಡಿದರೆ 20 ಗ್ರಾಂ ಸಕ್ಕರೆ ಆಯಿತು. 500 ಮಿಲಿಯ ಕಾಯಿಯಾದರೆ 25 ಗ್ರಾಂ, ಗೆಂದಾಳಿಗೆ ಸಮ. "ನಾಟಿ ಕಾಯಿಯಲ್ಲಿ ಸಕ್ಕರೆ ಕಡಿಮೆ" ಎಂದು ದೊಡ್ಡ ಕಾಯಿ ಪೂರ್ತಿ ಕುಡಿಯುವ ಮಧುಮೇಹಿಗೆ ಲಾಭವೇನೂ ಇಲ್ಲ. ತಳಿಗಳನ್ನು ಹೋಲಿಸುವಾಗ 100 ಮಿಲಿಯ ಲೆಕ್ಕ, ಕುಡಿಯುವಾಗ ಕಾಯಿಯ ಲೆಕ್ಕ.

ಸಂಕರಗಳು ಹೆಚ್ಚಾಗಿ ಎರಡರ ನಡುವೆ ನಿಲ್ಲುತ್ತವೆ: ಗಿಡ್ಡ ತಳಿಯ ಸಿಹಿಯಲ್ಲಿ ಒಂದಷ್ಟು, ಎತ್ತರದ ತಳಿಯ ಗಾತ್ರದಲ್ಲಿ ಒಂದಷ್ಟು. ಎಳನೀರು ಮಾರಾಟಕ್ಕೆ ಅದೇ ಒಳ್ಳೆಯ ಹೊಂದಾಣಿಕೆ. ಉಳಿದ ಪೋಷಕಾಂಶಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯಾವ ತಳಿಯಾದರೂ ನೀರಿನ ಪಾಲೇ ಶೇ. 90ಕ್ಕಿಂತ ಹೆಚ್ಚು. ಮೆಗ್ನೀಸಿಯಂ, ಕ್ಯಾಲ್ಸಿಯಂ ಸ್ವಲ್ಪ ಸ್ವಲ್ಪ, ವಿಟಮಿನ್ ಸಿ ತೀರ ಕಡಿಮೆ, ಕೊಬ್ಬು ಇಲ್ಲವೆನ್ನುವಷ್ಟು. ವಿಟಮಿನ್ ಸಿ ಬೇಕಿದ್ದರೆ ಒಂದು ಸೀಬೆಹಣ್ಣು ತಿನ್ನುವುದು ಮೇಲು.

ಅಂತರ್ಜಾಲದಲ್ಲಿ ತಿರುಗುವ ಒಂದು ಅಂಕಿಯ ಬಗ್ಗೆ ಎಚ್ಚರಿಕೆ ಬೇಕು. ಎಳನೀರಿನ ಎಷ್ಟೋ ಲೇಖನಗಳು ಅಮೆರಿಕದ ಕೃಷಿ ಇಲಾಖೆಯ ಹಳೆಯ ಪಟ್ಟಿಯನ್ನು ನಕಲು ಮಾಡುತ್ತವೆ: 100 ಗ್ರಾಂಗೆ 19 ಕ್ಯಾಲರಿ, 2.6 ಗ್ರಾಂ ಸಕ್ಕರೆ, 250 ಮಿಲಿಗ್ರಾಂ ಪೊಟ್ಯಾಸಿಯಂ, 105 ಮಿಲಿಗ್ರಾಂ ಸೋಡಿಯಂ. ಗೆಂದಾಳಿಯಲ್ಲಿ ಇದೇ ಅಳತೆಗೆ ಸೋಡಿಯಂ 2 ಮಿಲಿಗ್ರಾಂ, ಸಕ್ಕರೆ 7 ಗ್ರಾಂ! ಪಟ್ಟಿಯ ಸಕ್ಕರೆ ನೋಡಿದರೆ ಅದು ಬಲಿತ ಕಾಯಿಯ ನೀರಿಗೆ ಹೊಂದುತ್ತದೆ, ನಮ್ಮ ಎಳನೀರಿಗೆ ಹೊಂದುವುದಿಲ್ಲ. ಆ ಪಟ್ಟಿ ನಂಬಿ ಮಧುಮೇಹಿ ಸಕ್ಕರೆ ಲೆಕ್ಕ ಹಾಕಿದರೆ ಅರ್ಧಕ್ಕಿಂತ ಕಡಿಮೆ ಹಿಡಿದಂತಾಗುತ್ತದೆ, ಭೇದಿಯಾದವರು ಉಪ್ಪಿನ ಲೆಕ್ಕ ಹಾಕಿದರೆ ಇಲ್ಲದ ಉಪ್ಪನ್ನು ಇದೆಯೆಂದುಕೊಂಡಂತಾಗುತ್ತದೆ.

ಹಂತ 4: ಮನೆಯಲ್ಲೇ ಅಳೆದು ಹೋಲಿಸಿ

ತೋಟದವರಿಗೆ, ಎಳನೀರು ವ್ಯಾಪಾರ ಮಾಡುವವರಿಗೆ, ಕುತೂಹಲ ಇರುವ ಯಾರಿಗೇ ಆದರೂ ಎರಡು ಸಣ್ಣ ಉಪಕರಣ ಸಾಕು. ಒಂದು, ದ್ರಾಕ್ಷಿ ಬೆಳೆಗಾರರು ಸಿಹಿ ನೋಡಲು ಬಳಸುವ ಕೈ ರಿಫ್ರ್ಯಾಕ್ಟೋಮೀಟರ್, 0ಯಿಂದ 32 ಬ್ರಿಕ್ಸ್‌ವರೆಗಿನದು. ಇನ್ನೊಂದು, ಫಿಲ್ಟರ್ ನೀರು ಪರೀಕ್ಷಿಸುವ ಟಿಡಿಎಸ್ ಮೀಟರ್.

ರಿಫ್ರ್ಯಾಕ್ಟೋಮೀಟರಿನ ಗಾಜಿನ ಮೇಲೆ ಮೊದಲು ಎರಡು ಹನಿ ಬಟ್ಟಿ ಇಳಿಸಿದ ನೀರು ಹಾಕಿ ಸೊನ್ನೆಗೆ ತನ್ನಿ, ಮೆತ್ತನೆಯ ಬಟ್ಟೆಯಿಂದ ಒರೆಸಿ. ಎಳನೀರನ್ನು ಪೂರ್ತಿ ಒಂದು ಪಾತ್ರೆಗೆ ಬಗ್ಗಿಸಿ, ಗಂಜಿಯ ಚೂರು ಸೇರದಂತೆ ಸೋಸಿ, ಚೆನ್ನಾಗಿ ಕಲಕಿ. ಎರಡು ಹನಿ ಹಾಕಿ ಮುಚ್ಚಳ ಮುಚ್ಚಿ ಬೆಳಕಿಗೆ ಹಿಡಿದು ಓದಿ. ಒಂದೇ ಗೊನೆಯ ಮೂರು ಕಾಯಿ ಅಳೆದು ಸರಾಸರಿ ತೆಗೆಯಿರಿ. ಒಂದು ಕಾಯಿಯಿಂದ ತಳಿಯ ಬಗ್ಗೆ ಮಾತಾಡಬೇಡಿ. ಎರಡು ತಳಿ ಹೋಲಿಸುವುದಿದ್ದರೆ ಎರಡರಲ್ಲೂ ಅದೇ ಏಳನೆಯ ಗರಿಯ ಗೊನೆ, ಒಂದೇ ದಿನ ಕೊಯ್ದದ್ದು ಆಗಬೇಕು. ಇಲ್ಲದಿದ್ದರೆ ನೀವು ಅಳೆಯುತ್ತಿರುವುದು ವಯಸ್ಸನ್ನು, ತಳಿಯನ್ನಲ್ಲ.

ತಪ್ಪು ಬರುವುದು ಫ್ರಿಜ್ಜಿನಿಂದ ತೆಗೆದ ತಣ್ಣನೆಯ ನೀರು ಹಾಕಿದಾಗ, ಗಾಜಿನ ಮೇಲೆ ಒರೆಸದೆ ನೀರು ಉಳಿದಾಗ. ಬ್ರಿಕ್ಸ್ ಎಂದರೆ ಕರಗಿದ ಎಲ್ಲದರ ಅಳತೆ, ಲವಣಗಳೂ ಅದರಲ್ಲಿ ಸೇರುತ್ತವೆ. ಅರ್ಧದಿಂದ ಒಂದರಷ್ಟು ಕಳೆದರೆ ಸಕ್ಕರೆಯ ಅಂದಾಜು ಸಿಗುತ್ತದೆ. ಸಿಹಿ ಕಾಯಿ ಎಂದು ಕೊಂಡದ್ದು 3 ತೋರಿಸಿ ವಾಸನೆಯೂ ಹುಳಿಯಾಗಿದ್ದರೆ ಒಳಗೆ ಹುದುಗು ಶುರುವಾಗಿ ಸಕ್ಕರೆ ಖರ್ಚಾಗಿದೆ ಎಂದರ್ಥ, ಚೆಲ್ಲಿಬಿಡಿ.

ಟಿಡಿಎಸ್ ಮೀಟರನ್ನು ಎಳನೀರಿಗೆ ಅದ್ದಿದರೆ ಸಾವಿರಗಳಲ್ಲಿ ಅಂಕಿ ಬರುತ್ತದೆ. ಕುಡಿಯುವ ನೀರಿನಲ್ಲಿ 500 ದಾಟಿದರೆ ಗಾಬರಿಯಾಗುವವರು ಇದನ್ನು ನೋಡಿ ಬೆಚ್ಚುವುದುಂಟು. ಅದು ಬಹುಪಾಲು ಪೊಟ್ಯಾಸಿಯಂ ಮತ್ತು ಅದರ ಜೊತೆಗಾರ ಲವಣಗಳು. ಮೀಟರ್ ಯಾವ ಲವಣ ಎಂದು ಹೇಳುವುದಿಲ್ಲ, ಹೀಗಾಗಿ ಈ ಅಂಕಿಯನ್ನು ಪೊಟ್ಯಾಸಿಯಂ ಎಂದು ಬರೆದುಕೊಳ್ಳಬೇಡಿ. ಒಂದೇ ತೋಟದ ಎರಡು ಮರಗಳಲ್ಲಿ ಯಾವುದರಲ್ಲಿ ಲವಣ ಹೆಚ್ಚು ಎಂದು ಹೋಲಿಸಲು ಮಾತ್ರ ಬಳಸಿ. ಮೀಟರಿನ ಮಿತಿ ದಾಟಿದರೆ 10 ಮಿಲಿ ಎಳನೀರಿಗೆ ಬಟ್ಟಿ ಇಳಿಸಿದ ನೀರು ಸೇರಿಸಿ 100 ಮಿಲಿ ಮಾಡಿ, ಬಂದ ಅಂಕಿಯನ್ನು ಹತ್ತರಿಂದ ಗುಣಿಸಿ.

ರಕ್ತದ ಸಕ್ಕರೆ ನೋಡುವ ಗ್ಲುಕೋಮೀಟರಿನ ಪಟ್ಟಿಗೆ ಎಳನೀರು ಹಾಕುವ ಪ್ರಯೋಗ ಬೇಡ. ಆ ಪಟ್ಟಿ ರಕ್ತಕ್ಕೆಂದು ಹೊಂದಿಸಿದ್ದು, ಫ್ರಕ್ಟೋಸ್, ಸುಕ್ರೋಸ್ ಅದಕ್ಕೆ ಕಾಣುವುದೂ ಇಲ್ಲ.

ಹಂತ 5: ಯಾರಿಗೆ ಯಾವುದು

ಆರೋಗ್ಯವಂತರು, ಬೆಳೆಯುವ ಮಕ್ಕಳು, ಬಿಸಿಲಲ್ಲಿ ಬಂದವರು ರುಚಿ ನೋಡಿಯೇ ಆರಿಸಬಹುದು. ಗೆಂದಾಳಿಯಾದರೂ ಸರಿ, ನಾಟಿಯಾದರೂ ಸರಿ. ಆರು ತಿಂಗಳಾಗದ ಮಗುವಿಗೆ ತಾಯಿಹಾಲು ಬಿಟ್ಟು ಬೇರೇನೂ ಬೇಡ, ಎಳನೀರೂ ಬೇಡ.

ಮಧುಮೇಹ ಇರುವವರು ತಳಿಗಿಂತ ಮೊದಲು ಅಳತೆ ನಿಗದಿ ಮಾಡಿಕೊಳ್ಳಿ. ಕಾಯಿಗೆ ಸ್ಟ್ರಾ ಹಾಕಿ ಕುಡಿದರೆ ಎಷ್ಟು ಕುಡಿದಿರಿ ಎಂದು ತಿಳಿಯುವುದೇ ಇಲ್ಲ, ಲೋಟಕ್ಕೆ ಬಗ್ಗಿಸಿಕೊಳ್ಳಿ. ಎತ್ತರದ ತಳಿಯ ನೀರು 150 ಮಿಲಿ ಎಂದರೆ 7-8 ಗ್ರಾಂ ಸಕ್ಕರೆ, ಗೆಂದಾಳಿಯದಾದರೆ 10-11 ಗ್ರಾಂ. ಕುಡಿಯುವ ಮೊದಲು, ಎರಡು ಗಂಟೆ ಬಿಟ್ಟು ರಕ್ತ ಪರೀಕ್ಷಿಸಿಕೊಂಡರೆ ನಿಮ್ಮ ಮೈಗೆ ಎಷ್ಟು ಒಗ್ಗುತ್ತದೆ ಎಂದು ಗೊತ್ತಾಗುತ್ತದೆ. ದಪ್ಪ ಗಂಜಿಯನ್ನು ಬೇರೆಯಾಗಿ ಲೆಕ್ಕ ಹಿಡಿಯಬೇಕು.

ಮೂತ್ರಪಿಂಡದ ಕಾಯಿಲೆ ಇರುವವರ ವಿಷಯ ಎಲ್ಲಕ್ಕಿಂತ ಗಂಭೀರ. ಅವರ ಮೈಯಿಂದ ಪೊಟ್ಯಾಸಿಯಂ ಸರಿಯಾಗಿ ಹೊರಹೋಗುವುದಿಲ್ಲ. ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಒಂದೇ ಕಾಯಿಯಲ್ಲಿ 700 ಮಿಲಿಗ್ರಾಂ ಎಂದರೆ ಅವರಿಗೆ ಸಣ್ಣ ಮಾತಲ್ಲ. ಇಲ್ಲಿ ತಳಿ ಬದಲಿಸಿ ಪಾರಾಗುವ ದಾರಿಯಿಲ್ಲ: ಪೊಟ್ಯಾಸಿಯಂ ಕಡಿಮೆ ಇರುವ ತೆಂಗಿನ ತಳಿ ಎಂಬುದಿಲ್ಲ. ರಕ್ತದೊತ್ತಡಕ್ಕೆ ರಾಮಿಪ್ರಿಲ್, ಎನಾಲಾಪ್ರಿಲ್, ಲೊಸಾರ್ಟಾನ್, ಟೆಲ್ಮಿಸಾರ್ಟಾನ್, ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರೂ ದಿನಾ ಎಳನೀರು ಕುಡಿಯುವ ಮೊದಲು ವೈದ್ಯರನ್ನು ಕೇಳಬೇಕು. ಈ ಮಾತ್ರೆಗಳೂ ಪೊಟ್ಯಾಸಿಯಂ ಅನ್ನು ಮೈಯಲ್ಲಿ ಉಳಿಸುತ್ತವೆ.

ವಾಂತಿಭೇದಿಯಾದಾಗ ಓಆರ್‌ಎಸ್ ಬದಲು ಎಳನೀರು ಕೊಡುವುದು ನಮ್ಮಲ್ಲಿ ಬಹಳ ಹಳೆಯ ರೂಢಿ. ಲೆಕ್ಕ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್‌ನ ಒಂದು ಲೀಟರಿನಲ್ಲಿ ಸೋಡಿಯಂ ಸುಮಾರು 1,725 ಮಿಲಿಗ್ರಾಂ, ಪೊಟ್ಯಾಸಿಯಂ ಸುಮಾರು 780. ಗೆಂದಾಳಿಯಲ್ಲಿ ಸೋಡಿಯಂ 20, ಪೊಟ್ಯಾಸಿಯಂ 2,003. ಭೇದಿಯಲ್ಲಿ ಮೈ ಕಳೆದುಕೊಳ್ಳುವ ಸೋಡಿಯಂ ಎಳನೀರಿನಿಂದ ತುಂಬಿ ಬರುವುದಿಲ್ಲ. ಓಆರ್‌ಎಸ್ ಕೊಡಿ, ಅದರ ನಡುವೆ ರುಚಿಗೆ ನಾಲ್ಕು ಗುಟುಕು ಎಳನೀರು ಕೊಟ್ಟರೆ ತೊಂದರೆಯಿಲ್ಲ.

ಹೊಲದಲ್ಲಿ, ಕಟ್ಟಡದ ಕೆಲಸದಲ್ಲಿ ಬೆವರು ಹರಿಸಿದವರಿಗೂ ಇದೇ ಕೊರತೆ, ಆದರೆ ಪರಿಹಾರ ಸುಲಭ. ಒಂದು ಕಾಯಿಯ ನೀರಿಗೆ ಒಂದು ಚಿಟಿಕೆ, ಅಂದರೆ ಗ್ರಾಂನ ಮೂರನೇ ಒಂದು ಪಾಲು ಉಪ್ಪು ಹಾಕಿದರೆ ಸುಮಾರು 130 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ನಿಂಬೆ ಹಿಂಡಿದರೆ ಉಪ್ಪು ನಾಲಿಗೆಗೆ ತಿಳಿಯದು. ಉಪ್ಪು ಬಿಟ್ಟಿರುವ ರಕ್ತದೊತ್ತಡದವರು ಇದನ್ನು ಮಾಡಬಾರದು.

ಹಂತ 6: ಕೊಚ್ಚಿದ ಮೇಲೆ, ಇಡುವಾಗ

ಒಡೆಯದ, ಸೀಳದ ಕಾಯಿಯ ಒಳಗೆ ಸೂಕ್ಷ್ಮಜೀವಿಗಳಿರುವುದಿಲ್ಲ. ಮಚ್ಚಿನ ಏಟು ಬಿದ್ದ ಕ್ಷಣದಿಂದ ಗಡಿಯಾರ ಓಡಲು ಶುರು. ಮನೆಗೆ ಒಯ್ಯುವುದಿದ್ದರೆ ಇಡೀ ಕಾಯಿಯನ್ನೇ ಒಯ್ಯಿರಿ, ಬಾಟಲಿಗೆ ತುಂಬಿಸಬೇಡಿ. ತುಂಬಿಸಲೇಬೇಕಾದರೆ ಕುದಿನೀರಲ್ಲಿ ತೊಳೆದ ಗಾಜಿನ ಬಾಟಲಿ, ಬಾಯಿಯವರೆಗೆ ತುಂಬಿ, ಕೂಡಲೇ ಫ್ರಿಜ್ಜಿಗೆ, 24 ಗಂಟೆಯೊಳಗೆ ಖಾಲಿ. ಇಟ್ಟ ನೀರು ಗುಲಾಬಿ ಬಣ್ಣಕ್ಕೆ ತಿರುಗಿದರೆ ಅದು ನೀರಿನಲ್ಲೇ ಇರುವ ಕಿಣ್ವಗಳು ಗಾಳಿಯೊಂದಿಗೆ ಸೇರಿ ಮಾಡುವ ಕೆಲಸ, ಕತ್ತರಿಸಿಟ್ಟ ಸೇಬು ಕಂದಾಗುವಂತೆ. ಬಣ್ಣವೊಂದರಿಂದಲೇ ಅದು ವಿಷವಾಗದು. ಹುಳಿ ವಾಸನೆ, ನೊರೆ, ಲೋಳೆ ಇದ್ದರೆ ಮಾತ್ರ ಮುಟ್ಟಬೇಡಿ.

ಸಿಪ್ಪೆ ಕೆತ್ತಿ ತೆಳುವಾಗಿಸಿದ ಕಾಯಿಯನ್ನು ಹೊರಗಿಡುವುದು ಅಪಾಯ. ರಕ್ಷಣೆಯ ಸಿಪ್ಪೆ ಹೋದ ಮೇಲೆ ಬೂಷ್ಟು ಒಳನುಗ್ಗಬಹುದು, ಕೆಲವು ಬೂಷ್ಟುಗಳು 3-ನೈಟ್ರೊಪ್ರೊಪಿಯೋನಿಕ್ ಆಮ್ಲ ಎಂಬ, ಮಿದುಳನ್ನು ಕೆಡಿಸುವ ವಿಷ ಬಿಡುತ್ತವೆ. ಡೆನ್ಮಾರ್ಕಿನಲ್ಲಿ ಹೀಗೆ ಕೆತ್ತಿದ ಕಾಯಿಯನ್ನು ವಾರಗಟ್ಟಲೆ ಹೊರಗಿಟ್ಟು, ಸ್ಟ್ರಾದಲ್ಲಿ ಕೆಲವೇ ಗುಟುಕು ಕುಡಿದವರೊಬ್ಬರು ಮರುದಿನದೊಳಗೆ ತೀರಿಕೊಂಡದ್ದು ವೈದ್ಯಕೀಯ ದಾಖಲೆಯಲ್ಲಿದೆ. ರುಚಿ ಕೆಟ್ಟಿದೆ ಎನಿಸಿದರೆ ಎರಡನೆಯ ಗುಟುಕು ಬೇಡ. ಕೆತ್ತಿದ ಕಾಯಿಯನ್ನು ವ್ಯಾಪಾರಕ್ಕೆ ಇಡುವವರು ಶೇ. 0.5 ಸಿಟ್ರಿಕ್ ಆಮ್ಲ, ಶೇ. 0.5 ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಕರಗಿಸಿದ ನೀರಿನಲ್ಲಿ 3 ನಿಮಿಷ ಅದ್ದಿ, 5ರಿಂದ 7 ಡಿಗ್ರಿಯಲ್ಲಿ ಇಡುತ್ತಾರೆ; ಈ ಕ್ರಮದಲ್ಲಿ 24 ದಿನದವರೆಗೆ ಬಾಳುತ್ತದೆ. ಸಲ್ಫೈಟ್ ಕೆಲವು ಅಸ್ತಮಾ ರೋಗಿಗಳಿಗೆ ಆಗದು.

ನೆಡುವವರಿಗೆ

ಎಳನೀರಿಗೆಂದೇ ನಾಲ್ಕು ಗಿಡ ಹಾಕುವುದಿದ್ದರೆ ಗೆಂದಾಳಿ ಮೂರು ನಾಲ್ಕು ವರ್ಷಕ್ಕೆ ಹೊಂಬಾಳೆ ಬಿಡುತ್ತದೆ, ಏಣಿಯಿಲ್ಲದೆ ಕೊಯ್ಯಬಹುದು. ಆದರೆ ನೀರಾವರಿ ತಪ್ಪಿದರೆ ಅದು ತಡೆಯುವುದಿಲ್ಲ, ಕಾಯಿ ಉದುರುತ್ತದೆ. ಕೊಬ್ಬರಿಗೂ ಆಗದು, ಅದರ ಕೊಬ್ಬರಿ ಚರ್ಮದಂತೆ ನಾರಾಗಿ ಎಣ್ಣೆ ಕಡಿಮೆ ಬರುತ್ತದೆ. ಒಣಬೇಸಾಯದ ತಿಪಟೂರು, ಅರಸೀಕೆರೆ ಕಡೆ ಎತ್ತರದ ತಳಿಯನ್ನು ಬಿಟ್ಟು ಗೆಂದಾಳಿಗೆ ಹೋಗುವುದು ನಮ್ಮ ಮಟ್ಟಿಗೆ ತಪ್ಪು ಲೆಕ್ಕ. ಗಿಡ್ಡ ತಳಿ ಬಹುಮಟ್ಟಿಗೆ ತನ್ನದೇ ಪರಾಗದಿಂದ ಕಾಯಿ ಕಚ್ಚುವುದರಿಂದ ಸಸಿ ತಾಯಿಯನ್ನೇ ಹೋಲುತ್ತದೆ. ಸಸಿ ಕೊಳ್ಳುವಾಗ ದಿಂಡಿನ ಬಣ್ಣ ನೋಡಿ: ಕಿತ್ತಳೆ ಇದ್ದರೆ ಗೆಂದಾಳಿ, ಹಸಿರೋ ಕಂದೋ ಇದ್ದರೆ ಪಕ್ಕದ ಎತ್ತರದ ಮರದ ಪರಾಗ ಬಿದ್ದ ಸಂಕರ. ಸುಬ್ರಹ್ಮಣ್ಯದ ಹತ್ತಿರ ಕಿದುವಿನಲ್ಲಿ ಕಾಸರಗೋಡು ಸಂಸ್ಥೆಯದೇ ಕೇಂದ್ರವಿದೆ, ದಕ್ಷಿಣ ಏಷ್ಯಾದ ತೆಂಗು ತಳಿ ಸಂಗ್ರಹವೂ ಅಲ್ಲಿಯೇ.

ನೀರಿನಲ್ಲಿ ಅಷ್ಟೊಂದು ಪೊಟ್ಯಾಸಿಯಂ ಇದೆಯೆಂದರೆ ಪ್ರತಿ ಗೊನೆಯ ಜೊತೆ ಅದು ತೋಟದಿಂದ ಹೊರಗೆ ಹೋಗುತ್ತಿದೆ. ಬೆಳೆದ ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1,200 ಗ್ರಾಂ ಪೊಟ್ಯಾಷ್ ಎಂಬುದು ಶಿಫಾರಸು. ಕೊನೆಯದಕ್ಕೆ ಮ್ಯೂರಿಯೇಟ್ ಆಫ್ ಪೊಟ್ಯಾಷ್ 2 ಕಿಲೋ ಬೇಕು, ಎರಡು ಕಂತಿನಲ್ಲಿ. ಹಳೆಯ ಗರಿಗಳ ತುದಿ ಹಳದಿಯಾಗಿ ಒಣಗುತ್ತಿದ್ದರೆ ಪೊಟ್ಯಾಷ್ ಸಾಲುತ್ತಿಲ್ಲ. ಎಳನೀರಿನ ಸಿಪ್ಪೆಯಲ್ಲಿಯೂ ಪೊಟ್ಯಾಷ್ ಧಾರಾಳವಾಗಿದೆ, ಅದನ್ನು ರಸ್ತೆ ಬದಿಗೆ ಎಸೆಯುವ ಬದಲು ಮರದ ಬುಡಕ್ಕೆ ಹಿಂದಿರುಗಿಸಿ. ನಾಲ್ಕು ಹೋಳು ಮಾಡಿ, ಬುಡದಿಂದ ಒಂದು ಅಡಿ ಬಿಟ್ಟು, ಉಬ್ಬಿದ ಬದಿ ಮೇಲೆ ಬರುವಂತೆ ಹರಡಿ. ಬಟ್ಟಲಿನಂತೆ ಬಾಯಿ ಮೇಲೆ ಮಾಡಿ ಬಿಟ್ಟರೆ ಮೊದಲ ಮಳೆಗೆ ನೀರು ನಿಂತು, ಒಂದೇ ವಾರದಲ್ಲಿ ಡೆಂಗಿ ಸೊಳ್ಳೆಯ ಮರಿಗಳು ಅದರಲ್ಲಿ ಆಡುತ್ತಿರುತ್ತವೆ.